ಆಯಿಯ ತಾಟಿನಲ್ಲಿ ಏನಿತ್ತು?

ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ನಮ್ಮ ಆಯಿ ಎದ್ದು, ಕೈಯಲ್ಲಿ ತಂಬಿಗೆ ಹಿಡಿದು, ಹಿತ್ತಲ ಬಾಗಿಲ ಅಗಳಿ ತೆಗೆದಳು. ಎಮ್ಮೆ ಹಿಂಡಬೇಕು ಎಂದಳು. ಆ ಎಮ್ಮೆಯನ್ನು ಮಾರಿ ಆಗಲೇ ಒಂಬತ್ತು ವರ್ಷವಾಗಿತ್ತು. ಕಾಕಾ ಅವಳ ರಟ್ಟೆ ಹಿಡಿದು ಒಳಗೆ ಕರೆತಂದು ಮಲಗಿಸಿದ. ಬೆಳಿಗ್ಗೆ ಚಹಾ ಕುಡಿಯುತ್ತ ಅದನ್ನೇ ಹೇಳಿಕೊಂಡು ಎಲ್ಲರೂ ನಕ್ಕೆವು. "ಅರವತ್ತಕ್ಕ ಅರಳುಮರಳು ಅಂತಾರ. ಆಕಿಗಿ ಎಂಬತ್ತರ ಸನೇಕ ಬಂದಾವ, ಅದರಾಗೇನೈತಿ" ಎಂದ ಕಾಕಾ. ನಾನೂ ನಕ್ಕೆ. ಇದು 2021ರ ದೀಪಾವಳಿಯ ಮಾತು.

ಆಗ ನಾನು ಪಿಎಚ್‌ಡಿಗೆ ಸೇರಿ ಒಂದು ವರ್ಷವಾಗಿತ್ತು. ಪೋಷಣೆಯ ವಿಜ್ಞಾನದ ಚರಿತ್ರೆ ನನ್ನ ವಿಷಯ. ಪೆಲಾಗ್ರ ಎಂಬ ಕಾಯಿಲೆಯ ಬಗ್ಗೆ ಮಾಡಿಕೊಂಡ ಟಿಪ್ಪಣಿಗಳ ದೊಡ್ಡ ಫೋಲ್ಡರೊಂದು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಉಣ್ಣುವ ಅನ್ನದಲ್ಲಿ ಏನೋ ಒಂದು ಇಲ್ಲವಾದರೆ ಮನುಷ್ಯನ ಬುದ್ಧಿ ಹೇಗೆ ಕೆಡುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದನ್ನೆಲ್ಲ ಓದಿಕೊಂಡಿದ್ದ ನಾನು ಆ ಬೆಳಿಗ್ಗೆ, ಆಯಿ ಏನು ಉಣ್ಣುತ್ತಾಳೆ ಎಂದು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಯಾಕೆ ಹೊಳೆಯಲಿಲ್ಲ ಎಂದು ಯೋಚಿಸುತ್ತ ಹೋದಾಗ ಸಿಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಮಾತನ್ನೇ ನೋಡೋಣ. 'ಅರಳುಮರಳು' ಎಂದರೆ ವಯಸ್ಸಾದವರ ಬುದ್ಧಿ ಭ್ರಮಣೆ. ಹಿಂದಿಯಲ್ಲೂ ಇದಕ್ಕೆ ಅರವತ್ತರ ಲೆಕ್ಕವೇ ಇದೆ. ಅಲ್ಲಿ 'ಸಠಿಯಾ ಜಾನಾ' ಅನ್ನುತ್ತಾರೆ, ಅರವತ್ತಾಗಿಬಿಡುವುದು ಎಂದು ಅದರ ಅರ್ಥ. ಬೇಂದ್ರೆಯವರಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಸಂಕಲನದ ಹೆಸರು 'ಅರಳು ಮರಳು'. ಆಗ ಅವರಿಗೆ ಅರವತ್ತು ದಾಟಿತ್ತು. ಊರವರು ಮುದುಕರನ್ನು ಆಡಿಕೊಳ್ಳುವ ಮಾತನ್ನು ಎತ್ತಿಕೊಂಡು, ಮತ್ತೆ ಅರಳುವುದು ಎಂಬ ಅರ್ಥವನ್ನೂ ಅದರೊಳಗೆ ಕೇಳಿಸಿದರು ಅವರು. ಆದರೆ ಮನೆಮನೆಯಲ್ಲಿ ಉಳಿದದ್ದು ಹಳೆಯ ಅರ್ಥವೇ. ಆ ಮಾತು ಆಡಿದ ಕೂಡಲೇ ವಿಚಾರಣೆ ಮುಗಿಯುತ್ತದೆ. ಕಾರಣ ವಯಸ್ಸು, ವಯಸ್ಸಿಗೆ ಮದ್ದಿಲ್ಲ, ಇನ್ನೇನು ಕೇಳುವುದು?

ವಯಸ್ಸಾದ ಮೇಲೆ ಬುದ್ಧಿ ಮಂಕಾಗುವುದು ಸಹಜ ಎಂಬುದನ್ನು ಒಪ್ಪದೆ ಹಟ ಹಿಡಿದವರಲ್ಲಿ ಇಲ್ಯಾ ಮೆಚ್ನಿಕಾಫ್ ಒಬ್ಬರು. ಈಗಿನ ಉಕ್ರೇನಿನ ಖಾರ್ಕಿವ್ ಸೀಮೆಯಲ್ಲಿ 1845ರಲ್ಲಿ ಹುಟ್ಟಿದವರು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಯೊಂದಕ್ಕೆ ಗುಲಾಬಿ ಮುಳ್ಳು ಚುಚ್ಚಿ, ಅದರ ಮೈಯೊಳಗಿನ ಅಲೆಮಾರಿ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಹೊರಗಿನಿಂದ ಬಂದದ್ದನ್ನು ತಿಂದುಹಾಕುವ ಭಕ್ಷಕ ಕೋಶಗಳ ಕಲ್ಪನೆ ಹುಟ್ಟಿದ್ದು ಅಲ್ಲಿ. ರೋಗನಿರೋಧಕ ಶಕ್ತಿಯ ಕುರಿತ ಕೆಲಸಕ್ಕಾಗಿ 1908ರಲ್ಲಿ ಪೌಲ್ ಎರ್ಲಿಖ್ ಜೊತೆಗೆ ಅವರಿಗೆ ನೊಬೆಲ್ ಬಂತು. ಇಷ್ಟು ಪಠ್ಯಪುಸ್ತಕಗಳಲ್ಲೂ ಸಿಗುತ್ತದೆ.

ಪಠ್ಯಪುಸ್ತಕಗಳು ಬಿಟ್ಟುಬಿಡುವುದು ಮುಂದಿನ ಭಾಗವನ್ನು. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ಐವತ್ತು ದಾಟಿದ ಮೆಚ್ನಿಕಾಫ್ ಅವರಿಗೆ ಮುಪ್ಪಿನ ಗೀಳು ಹತ್ತಿತು. ಮುಪ್ಪಿನ ಅಧ್ಯಯನಕ್ಕೆ 'ಜೆರೊಂಟಾಲಜಿ' ಎಂಬ ಹೆಸರು ಕೊಟ್ಟವರೇ ಅವರು, 1903ರಲ್ಲಿ. ಅವರ ವಾದ ಹೀಗಿತ್ತು: ಮುಪ್ಪು ಸಹಜವಲ್ಲ, ಅದೊಂದು ಕಾಯಿಲೆ. ದೇಹವನ್ನು ಕಾಯಬೇಕಾದ ಭಕ್ಷಕ ಕೋಶಗಳು ವಯಸ್ಸಾದವರಲ್ಲಿ ದೇಹವನ್ನೇ ತಿನ್ನತೊಡಗುತ್ತವೆ. ಕೂದಲಿನ ಬಣ್ಣ ತಿಂದರೆ ತಲೆ ನರೆಯುತ್ತದೆ, ಮಿದುಳಿನ ನರಕೋಶಗಳನ್ನು ತಿಂದರೆ ಬುದ್ಧಿ ಹೋಗುತ್ತದೆ. ಹಾಗಾದರೆ ಆ ಕೋಶಗಳನ್ನು ಎತ್ತಿಕಟ್ಟುವವರು ಯಾರು? ಅದಕ್ಕೆ ಅವರ ಉತ್ತರ ದೊಡ್ಡಕರುಳು. ಅಲ್ಲಿ ಕೊಳೆಯುವ ಆಹಾರದಿಂದ ಹುಟ್ಟುವ ನಂಜು ರಕ್ತಕ್ಕೆ ಸೇರಿ ನರಕೋಶಗಳನ್ನು ದುರ್ಬಲ ಮಾಡುತ್ತದೆ, ದುರ್ಬಲವಾದವನ್ನು ಭಕ್ಷಕ ಕೋಶಗಳು ಮುಗಿಸುತ್ತವೆ.

ಮದ್ದು? ಹುಳಿ ಹಾಲು! ಬಲ್ಗೇರಿಯಾದ ಹಳ್ಳಿಗರು ಮೊಸರು ತಿಂದು ನೂರು ವರ್ಷ ಬಾಳುತ್ತಾರೆ ಎಂಬ ಸುದ್ದಿ ಅವರನ್ನು ಹಿಡಿದಿತ್ತು. 1905ರಲ್ಲಿ ಸ್ತಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ಯುವಕ ಜಿನೀವಾದಲ್ಲಿ ಆ ಮೊಸರಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಅದು ಉಂಟುಮಾಡುವ ಹುಳಿಯಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬದುಕುವುದಿಲ್ಲ ಎಂಬುದು ಮೆಚ್ನಿಕಾಫ್ ಅವರ ನಂಬಿಕೆ. 1907ರಲ್ಲಿ ಬಂದ ಅವರ ಪುಸ್ತಕ ಇದನ್ನೆಲ್ಲ ಯೂರೋಪಿನಾಚೆಗೂ ಹಬ್ಬಿಸಿತು. ಔಷಧಿ ಅಂಗಡಿಗಳಲ್ಲಿ ಮೊಸರಿನ ಬ್ಯಾಕ್ಟೀರಿಯಾದ ಗುಳಿಗೆಗಳು ಬಂದವು. 1919ರಲ್ಲಿ ಬಾರ್ಸಿಲೋನಾದಲ್ಲಿ ಐಸಾಕ್ ಕರಾಸೊ ಶುರು ಮಾಡಿದ ಡಾನೋನ್ ಮೊಸರು ಕೂಡ ಮೊದಲು ಮಾರಾಟವಾದದ್ದು ಔಷಧಿ ಅಂಗಡಿಗಳಲ್ಲೇ. ಊಟದ ಕೊನೆಗೆ ಮಜ್ಜಿಗೆ ಇಲ್ಲದಿದ್ದರೆ ಎಲೆ ಬಿಟ್ಟು ಏಳದ ನಮ್ಮಂಥವರಿಗೆ ಇದು ತಮಾಷೆ ಅನ್ನಿಸಬಹುದು.

ಮೆಚ್ನಿಕಾಫ್ ತಾವೂ ಹುಳಿ ಹಾಲು ಕುಡಿದರು, ಹಸಿಯದೇನನ್ನೂ ಮುಟ್ಟಲಿಲ್ಲ. 1916ರಲ್ಲಿ, 71ನೇ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ಬೇರೂರುವುದೇ ಇಲ್ಲ ಎಂದು ಕೆಲವೇ ವರ್ಷಗಳಲ್ಲಿ ಬೇರೆಯವರು ತೋರಿಸಿದರು.

ಕರುಳಿಗೂ ಮಿದುಳಿಗೂ ನಂಟಿದೆ ಎಂಬ ಅವರ ಊಹೆ ಇವತ್ತು ಬೇರೆ ರೂಪದಲ್ಲಿ ಮರಳಿ ಬಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಅವರನ್ನು ಓದುವಾಗ ಒಂದು ಸಂಗತಿ ಕಿರಿಕಿರಿ ಮಾಡುತ್ತದೆ. ಮುಪ್ಪು ಅಲ್ಲಿ ಶತ್ರು. ಮುದುಕರಾಗದಿರುವುದು ಹೇಗೆ ಎಂಬುದು ಪ್ರಶ್ನೆ. ಆಗಲೇ ಮುದುಕರಾದವರಿಗೆ ಏನು ಕೊಡಬೇಕು ಎಂಬುದಲ್ಲ. ಹೊಟ್ಟೆ ತುಂಬಿದ ನಡುವಯಸ್ಸಿನವರ ಭಯಕ್ಕೆ ಹುಟ್ಟಿದ ವಿಜ್ಞಾನ ಅದು. ಆ ಭಯ ಎಲ್ಲೆಲ್ಲಿಗೋ ಕರೆದೊಯ್ಯಿತು. ಕರುಳೇ ನಂಜಿನ ಮೂಲವೆಂದು ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಜನರ ದೊಡ್ಡಕರುಳನ್ನೇ ಕತ್ತರಿಸಿ ತೆಗೆದರು. ಅಮೆರಿಕದ ಟ್ರೆಂಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ರೋಗಿಗಳ ಹಲ್ಲು ಕಿತ್ತರು, ಆಮೇಲೆ ಕರುಳಿಗೆ ಕೈ ಹಾಕಿದರು. ಆ ಶಸ್ತ್ರಚಿಕಿತ್ಸೆಯಿಂದಲೇ ಸತ್ತವರ ಲೆಕ್ಕ ಸಣ್ಣದಲ್ಲ.

ಅದೇ ಹೊತ್ತಿಗೆ ಜರ್ಮನಿಯಲ್ಲಿ ಇನ್ನೊಂದು ಗೆರೆ ಎಳೆಯಲಾಗುತ್ತಿತ್ತು. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದ 51 ವರ್ಷದ ಆಗುಸ್ಟ ಎಂಬ ಹೆಂಗಸಿನ ಮಿದುಳನ್ನು, ಅವಳು ಸತ್ತ ಮೇಲೆ 1906ರಲ್ಲಿ, ಅಲೋಯಿಸ್ ಆಲ್ಜೈಮರ್ ಪರೀಕ್ಷಿಸಿದರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ಆಲ್ಜೈಮರ್ ಕಾಯಿಲೆ ಎಂದು ಹೆಸರಿಟ್ಟರು. ಇದರಿಂದ ಒಂದು ವಿಚಿತ್ರ ಏರ್ಪಾಡು ಹುಟ್ಟಿತು. ಐವತ್ತರಲ್ಲಿ ಬುದ್ಧಿ ಹೋದರೆ ಕಾಯಿಲೆ, ಎಂಬತ್ತರಲ್ಲಿ ಹೋದರೆ ಮುಪ್ಪು. ಮಿದುಳಿನೊಳಗೆ ಕಾಣುವುದು ಒಂದೇ ಎಂದಾದರೂ ಈ ಗೆರೆ ಅರ್ಧ ಶತಮಾನಕ್ಕೂ ಹೆಚ್ಚು ಉಳಿಯಿತು. ಎರಡೂ ಒಂದೇ ಎಂದು ರಾಬರ್ಟ್ ಕಾಟ್ಸ್‌ಮನ್ ಗಟ್ಟಿಯಾಗಿ ಬರೆದದ್ದು 1976ರಲ್ಲಿ. ಅಂದರೆ ನಮ್ಮ ಕಾಕಾ ಹೇಳಿದ ಮಾತನ್ನು ಜಗತ್ತಿನ ದೊಡ್ಡ ದೊಡ್ಡ ವೈದ್ಯರೂ ಅಲ್ಲಿಯವರೆಗೆ ತಮ್ಮ ಭಾಷೆಯಲ್ಲಿ ಹೇಳುತ್ತಲೇ ಇದ್ದರು.

ಇನ್ನು ನನ್ನ ಆ ಫೋಲ್ಡರಿಗೆ ಬರುತ್ತೇನೆ.

ಮೆಕ್ಕೆಜೋಳ ಅಮೆರಿಕ ಖಂಡದಿಂದ ಯೂರೋಪಿಗೆ ಬಂದು ಬಡವರ ಮುಖ್ಯ ಆಹಾರವಾದ ಕಡೆಯಲ್ಲೆಲ್ಲ ಒಂದು ಕಾಯಿಲೆಯೂ ಬಂತು. 1735ರಲ್ಲಿ ಸ್ಪೇನಿನ ಅಸ್ತೂರಿಯಾಸಿನಲ್ಲಿ ಗಾಸ್ಪರ್ ಕಸಾಲ್ ಎಂಬ ವೈದ್ಯರು ಅದನ್ನು ಬಣ್ಣಿಸಿದರು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಒರಟಾಗುತ್ತದೆ, ಕತ್ತಿನ ಸುತ್ತ ಹಾರದಂತೆ ಗುರುತು ಮೂಡುತ್ತದೆ, ಭೇದಿ ಹಿಡಿಯುತ್ತದೆ, ಕೊನೆಗೆ ಬುದ್ಧಿ ಕಲಕುತ್ತದೆ. ಇಟಲಿಯವರು ಇಟ್ಟ ಹೆಸರು ಪೆಲಾಗ್ರ, ಒರಟು ಚರ್ಮ ಎಂದರ್ಥ. ಉತ್ತರ ಇಟಲಿಯ ಹುಚ್ಚಾಸ್ಪತ್ರೆಗಳು ಮೆಕ್ಕೆಜೋಳದ ಗಂಜಿ ಉಂಡು ಬುದ್ಧಿ ಕಳೆದುಕೊಂಡ ರೈತರಿಂದ ತುಂಬಿದ್ದವು. ಸೋಜಿಗವೆಂದರೆ ಮೆಕ್ಕೆಜೋಳದ ತವರಾದ ಮೆಕ್ಸಿಕೊದಲ್ಲಿ ಈ ಕಾಟ ಇರಲಿಲ್ಲ. ಅಲ್ಲಿನ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುತ್ತಿದ್ದರು. ಅದರಿಂದ ಕಾಳಿನಲ್ಲಿ ಕಟ್ಟಿಹಾಕಿದಂತಿದ್ದ ಜೀವಸತ್ವ ಬಿಡುಗಡೆಯಾಗುತ್ತಿತ್ತು. ಯೂರೋಪಿನವರು ಕಾಳನ್ನು ತಂದರು, ಅಡುಗೆಯನ್ನು ಬಿಟ್ಟುಬಂದರು.

ಇಪ್ಪತ್ತನೇ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಕಾಣಿಸಿತು. 1906ರಲ್ಲಿ ಅಲಬಾಮಾದಲ್ಲಿ, ಕಪ್ಪುಜನರಿಗೆಂದೇ ಇದ್ದ ಮಾನಸಿಕ ಆಸ್ಪತ್ರೆಯೊಂದರಲ್ಲಿ 88 ಜನರಿಗೆ ಬಂದು 57 ಜನ ಸತ್ತರು. ಅಂಟುರೋಗವೆಂದು ಜನ ಹೆದರಿದರು. ಸರ್ಕಾರ 1914ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ಕಳಿಸಿತು. ಅವರು ಮಾನಸಿಕ ಆಸ್ಪತ್ರೆಗಳನ್ನೂ ಅನಾಥಾಲಯಗಳನ್ನೂ ಸುತ್ತಿ ಒಂದು ಸರಳ ಸಂಗತಿ ಗಮನಿಸಿದರು. ಒಳಗಿರುವವರಿಗೆ ಕಾಯಿಲೆ ಬರುತ್ತದೆ, ಅವರನ್ನು ನೋಡಿಕೊಳ್ಳುವ ದಾದಿಯರಿಗೆ, ಕೆಲಸದವರಿಗೆ ಬರುವುದಿಲ್ಲ. ಅಂಟುರೋಗ ಹಾಗೆ ಆಳು ನೋಡಿ ಬರುವುದಿಲ್ಲ. ಅವರು ಅಡುಗೆಮನೆಗೆ ಹೋಗಿ ಯಾರ ತಟ್ಟೆಯಲ್ಲಿ ಏನಿದೆ ಎಂದು ನೋಡಿದರು. ರೋಗಿಗಳಿಗೆ ಮೆಕ್ಕೆಜೋಳ, ಕಾಕಂಬಿ, ಹಂದಿಯ ಕೊಬ್ಬು. ಕೆಲಸದವರಿಗೆ ಅದರ ಜೊತೆಗೆ ಹಾಲು, ಮಾಂಸ.

ಜಾರ್ಜಿಯಾದ ಮಿಲೆಜ್‌ವಿಲ್ ಆಸ್ಪತ್ರೆಯ ವಾರ್ಡುಗಳಲ್ಲಿ ಅವರು ಊಟ ಬದಲಿಸಿದರು. ಹಾಲು, ಮೊಟ್ಟೆ, ಮಾಂಸ, ಕಾಳು ಸೇರಿಸಿದರು. ಮುಂದಿನ ವಸಂತಕ್ಕೆ ಮರುಕಳಿಸಬೇಕಿದ್ದ ಕಾಯಿಲೆ ಹೆಚ್ಚುಕಡಿಮೆ ಮರಳಲೇ ಇಲ್ಲ. 1915ರಲ್ಲಿ ಮಿಸಿಸಿಪ್ಪಿಯ ಜೈಲಿನ ಹೊಲವೊಂದರಲ್ಲಿ, ಬಿಡುಗಡೆಯ ಭರವಸೆ ಪಡೆದು ಮುಂದೆ ಬಂದ ಕೈದಿಗಳಿಗೆ ಬಡವರ ಊಟವನ್ನೇ ಕೊಟ್ಟು ನೋಡಿದರು. ಕೊನೆಯವರೆಗೆ ಉಳಿದ 11 ಜನರಲ್ಲಿ ಆರು ಜನರಿಗೆ ಪೆಲಾಗ್ರ ಬಂತು. ಇವತ್ತಿಗೆ ಅಂಥ ಪ್ರಯೋಗಕ್ಕೆ ಯಾವ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೂ ಜನ ನಂಬಲಿಲ್ಲ. ಆಗ ಗೋಲ್ಡ್‌ಬರ್ಗರ್ ಮತ್ತು ಸಹೋದ್ಯೋಗಿಗಳು ರೋಗಿಗಳ ಚರ್ಮದ ಹೊಟ್ಟನ್ನೂ ಮಲಮೂತ್ರವನ್ನೂ ಹಿಟ್ಟಿನ ಉಂಡೆ ಮಾಡಿ ನುಂಗಿದರು, ರೋಗಿಗಳ ರಕ್ತ ಚುಚ್ಚಿಸಿಕೊಂಡರು. ಅವರ ಹೆಂಡತಿಯೂ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಕಾಯಿಲೆ ಬರಲಿಲ್ಲ.

ನಂಬದಿರಲು ಕಾರಣ ವಿಜ್ಞಾನದ್ದಲ್ಲ. ಕಾಯಿಲೆಯ ಮೂಲ ಊಟವೆಂದು ಒಪ್ಪಿದರೆ ಊಟ ಯಾಕೆ ಹಾಗಿದೆ ಎಂಬ ಪ್ರಶ್ನೆ ಬರುತ್ತದೆ. ಗೋಲ್ಡ್‌ಬರ್ಗರ್ ಅರ್ಥಶಾಸ್ತ್ರಜ್ಞ ಎಡ್ಗರ್ ಸೈಡೆನ್‌ಸ್ಟ್ರಿಕರ್ ಅವರನ್ನು ಜೊತೆಗೆ ಕರೆದುಕೊಂಡು ದಕ್ಷಿಣ ಕೆರೊಲಿನಾದ ಹತ್ತಿ ಗಿರಣಿಗಳ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ತೆಗೆದರು. ಆದಾಯ ಇಳಿದಷ್ಟೂ ಪೆಲಾಗ್ರ ಏರುತ್ತಿತ್ತು. ಹತ್ತಿ ಬೆಳೆಯುವ ಹುಚ್ಚಿನಲ್ಲಿ ತರಕಾರಿಗೂ ಹಸುವಿಗೂ ಜಾಗವಿಲ್ಲದೆ ಹೋಗಿತ್ತು. ಇದನ್ನು ಹೇಳಿದ್ದಕ್ಕೆ ದಕ್ಷಿಣದ ರಾಜಕಾರಣಿಗಳು ಸಿಟ್ಟಾದರು, ತಮ್ಮ ನಾಡಿನ ಮಾನ ಹೋಯಿತೆಂದರು. 1929ರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡಾಗಲೂ ಊಟದಲ್ಲಿ ಇಲ್ಲದ ವಸ್ತು ಯಾವುದೆಂದು ಗೊತ್ತಿರಲಿಲ್ಲ. ಅದು ನಿಕೋಟಿನಿಕ್ ಆಮ್ಲ, ಅಂದರೆ ನಯಾಸಿನ್, ಎಂದು 1937ರಲ್ಲಿ ಕಾನ್ರಾಡ್ ಎಲ್ವೆಹ್ಯೆಮ್ ಕಂಡುಹಿಡಿದರು. ಅದನ್ನು ಕೊಟ್ಟ ಕೆಲವೇ ದಿನಗಳಲ್ಲಿ, ತಮ್ಮ ಹೆಸರೂ ಹೇಳಲಾಗದವರು ಎದ್ದು ಕೂತು ಮನೆಯವರನ್ನು ಗುರುತಿಸಿದರು. ಅಮೆರಿಕವೊಂದರಲ್ಲೇ ಅಷ್ಟರೊಳಗೆ ಸುಮಾರು 1 ಲಕ್ಷ ಜನ ಸತ್ತಿದ್ದರೆಂದು ಅಂದಾಜು.

ಈ ಕಥೆಯನ್ನು ನಾನು ಸಂಶೋಧನೆಗೆ ಹಿಡಿದದ್ದು ಅಮೆರಿಕದ ಆಸೆಯಿಂದಲ್ಲ, ಜೋಳದ ದೆಸೆಯಿಂದ. ನಮ್ಮೂರು ರಾಯಚೂರು ಜಿಲ್ಲೆಯಲ್ಲಿದೆ. ಆಯಿ ಹುಟ್ಟಿದಾಗ ಅದು ನಿಜಾಮರ ರಾಜ್ಯ. ಕೂನೂರಿನಲ್ಲಿ ರಾಬರ್ಟ್ ಮೆಕಾರಿಸನ್ ಕಟ್ಟಿದ್ದ ಪೋಷಣಾ ಪ್ರಯೋಗಾಲಯ 1950ರ ದಶಕದ ಕೊನೆಗೆ ಹೈದರಾಬಾದಿಗೆ ಬಂತು. ಅಲ್ಲಿನ ಆಸ್ಪತ್ರೆಗಳಿಗೆ ಸುತ್ತಲ ಹಳ್ಳಿಗಳ ಕೂಲಿಕಾರರು ಪೆಲಾಗ್ರ ಹಿಡಿದು ಬರುತ್ತಿದ್ದರು. ಅವರು ಉಣ್ಣುತ್ತಿದ್ದದ್ದು ಮೆಕ್ಕೆಜೋಳವಲ್ಲ, ನಾವು ರೊಟ್ಟಿ ಬಡಿಯುವ ಜೋಳ. ಜೋಳ ಉಂಡವರಿಗೆ ಯಾಕೆ ಪೆಲಾಗ್ರ ಎಂಬುದಕ್ಕೆ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಒಂದು ಉತ್ತರ ಮುಂದಿಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ವಿಪರೀತ. ನಯಾಸಿನ್ ಒದಗಬೇಕಾದ ದಾರಿಗೆ ಅದು ಅಡ್ಡ ಬರುತ್ತದೆ ಎಂದು. ಎಲ್ಲ ಪ್ರಯೋಗಾಲಯಗಳೂ ಇದನ್ನು ಒಪ್ಪಲಿಲ್ಲ, ವಾದ ಬಹಳ ಕಾಲ ನಡೆಯಿತು. ನಾನು ಇತಿಹಾಸದವಳು, ಆ ವಾದ ತೀರಿಸುವ ಅರ್ಹತೆ ನನಗಿಲ್ಲ. ಆದರೆ ಒಂದು ಮಾತು ಸೇರಿಸಲೇಬೇಕು. ಜೋಳದ ರೊಟ್ಟಿಯ ಜೊತೆಗೆ ಬೇಳೆ, ಸೊಪ್ಪು, ಶೇಂಗಾ ಹಿಂಡಿ, ಮೊಸರು ಇದ್ದ ಮನೆಯವರಿಗೆ ಏನೂ ಆಗಲಿಲ್ಲ. ರೊಟ್ಟಿಗೆ ಉಪ್ಪುಖಾರವಷ್ಟೇ ಗತಿಯಾದವರಿಗೆ ಆಯಿತು. ಜೋಳದ ಮೇಲೆ ತಪ್ಪು ಹೊರಿಸುವುದು ಸುಲಭ.

ದೀಪಾವಳಿ ಮುಗಿದು ಎರಡು ತಿಂಗಳಿಗೆ ಆಯಿ ಬಚ್ಚಲಲ್ಲಿ ಬಿದ್ದಳು. ಮೂಳೆ ಮುರಿದಿರಲಿಲ್ಲ. ಜಿಲ್ಲಾಸ್ಥಳದಲ್ಲಿ ನೋಡಿದ ವೈದ್ಯೆ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಬಿದ್ದ ಜಾಗವನ್ನು ನೋಡಿ ಮುಗಿಸಿದ ಮೇಲೂ ಅವರು ಬಿಡಲಿಲ್ಲ. ಕಣ್ಣು ಮುಚ್ಚಿ ನಿಲ್ಲಿಸಿದರು, ಆಯಿ ಓಲಾಡಿದಳು. ನಾಲಗೆ ಚಾಚಲು ಹೇಳಿದರು, ಅದು ಉಜ್ಜಿದ ಹಾಗೆ ನುಣುಪಾಗಿ ಕೆಂಪಗಿತ್ತು. "ಆಯಿ, ಕೈಕಾಲು ಜುಮ್ಮ್ ಅಂತಾವೇನು?" ಎಂದು ಕೇಳಿದರು. "ಅಂತಾವ ನೋಡವ್ವಾ, ಇರುವಿ ಹರದಂಗ ಆಗ್ತೈತಿ, ಯಾಡ್ ವರ್ಷಾತು" ಎಂದಳು ಆಯಿ. ನಮಗ್ಯಾರಿಗೂ ಅದನ್ನು ಹೇಳಿರಲಿಲ್ಲ. ಹೇಳಿದ್ದಳೇನೋ, ನಾವು ಕೇಳಿಸಿಕೊಂಡಿರಲಿಲ್ಲ. ಆಮೇಲೆ ವೈದ್ಯೆ ನಮ್ಮ ಕಡೆ ತಿರುಗಿ, "ಇವರು ದಿನಾ ಏನ್ ಊಟ ಮಾಡ್ತಾರೆ?" ಎಂದರು.

ಅವ್ವ, ಕಾಕಾ, ನಾನು ಒಬ್ಬರ ಮುಖ ಒಬ್ಬರು ನೋಡಿದೆವು. ಹೇಳುತ್ತ ಹೋದಂತೆ ನನಗೆ ನಾಚಿಕೆಯಾಗತೊಡಗಿತು. ನಮ್ಮದು ಮಾಂಸ, ಮೊಟ್ಟೆ ತಿನ್ನದ ಮನೆ. ಎಮ್ಮೆ ಇದ್ದಾಗ ಆಯಿ ಮೂರು ಹೊತ್ತೂ ಮಜ್ಜಿಗೆ ಕುಡಿಯುತ್ತಿದ್ದಳು. ಎಮ್ಮೆ ಹೋದ ಮೇಲೆ ದಿನಕ್ಕೆ ಅರ್ಧ ಲೀಟರ್ ಪ್ಯಾಕೆಟ್ ಹಾಲು. ಅದರಲ್ಲಿ ಚಹಾ ಆಗಬೇಕು, ಹುಡುಗರಿಗೆ ಕೊಡಬೇಕು. ಆಯಿಗೆ ಕೊಡಲು ಹೋದರೆ "ಮುದುಕರಿಗ್ಯಾಕ ಹಾಲು, ಹುಡುಗೂರಿಗಿ ಕೊಡ್ರಿ" ಅನ್ನುತ್ತಿದ್ದಳು. ನಾವೂ ಎರಡನೇ ಸಲ ಕೇಳುತ್ತಿರಲಿಲ್ಲ. ಹಲ್ಲು ಹೋಗಿದ್ದರಿಂದ ಪಲ್ಯ, ಕಾಳು ಬಿಟ್ಟಿದ್ದಳು. ಬೆಳಿಗ್ಗೆ ಚಹಾದಲ್ಲಿ ನೆನೆಸಿದ ರೊಟ್ಟಿ, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಸ್ವಲ್ಪ ಅಂಬಲಿ. ಮೇಲೆ ಹಲವು ವರ್ಷಗಳಿಂದ ಗ್ಯಾಸಿನ ಗುಳಿಗೆ. ವೈದ್ಯೆ ಬರೆದುಕೊಂಡು ರಕ್ತ ಪರೀಕ್ಷೆಗೆ ಕಳಿಸಿದರು. ಬಿ12 ತೀರಾ ಕೆಳಗಿತ್ತು.

ಬಿ12ಕ್ಕೂ ಒಂದು ಚರಿತ್ರೆ ಇದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಒಂದು ರಕ್ತಹೀನತೆಯನ್ನು ಬಣ್ಣಿಸಿದರು. ಅದು ಬಂದವರು ಬದುಕುತ್ತಿರಲಿಲ್ಲ. 1926ರಲ್ಲಿ ಬಾಸ್ಟನ್ನಿನ ಜಾರ್ಜ್ ಮೈನಾಟ್ ಮತ್ತು ವಿಲಿಯಂ ಮರ್ಫಿ, ದಿನವೂ ಪ್ರಾಣಿಯ ಯಕೃತ್ತು ತಿನ್ನಿಸಿದರೆ ರೋಗಿ ಉಳಿಯುತ್ತಾನೆಂದು ತೋರಿಸಿದರು. ಯಕೃತ್ತಿನಲ್ಲಿದ್ದ ಆ ಕೆಂಪು ವಸ್ತು ಕೈಗೆ ಸಿಕ್ಕಿದ್ದು 1948ರಲ್ಲಿ. ಅದರ ಕೊರತೆ ನರವನ್ನೂ ಬುದ್ಧಿಯನ್ನೂ ಕೆಡಿಸುತ್ತದೆ, ಕೆಲವೊಮ್ಮೆ ರಕ್ತ ಕೆಡುವ ಮೊದಲೇ. ಅದು ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಸಸ್ಯಾಹಾರಿಗಳಿಗೆ ಅಂದರೆ ಹಾಲು, ಮೊಸರು, ಮಜ್ಜಿಗೆಯಲ್ಲಿ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ಕೂಡಿಟ್ಟಿರುತ್ತದೆ, ಆದ್ದರಿಂದ ಎಮ್ಮೆ ಹೋದ ಮರುವರ್ಷವೇ ಏನೂ ಆಗುವುದಿಲ್ಲ. ವಯಸ್ಸಾದವರ ಜಠರದಲ್ಲಿ ಆಮ್ಲ ಕಡಿಮೆಯಾಗಿ ತಿಂದದ್ದರಿಂದಲೂ ಅದು ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಗ್ಯಾಸಿನ ಗುಳಿಗೆ ಆ ಆಮ್ಲವನ್ನು ಇನ್ನಷ್ಟು ಇಳಿಸುತ್ತದೆ.

ಆಯಿಗೆ ಸೂಜಿ ಶುರುವಾಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಪವಾಡವೇನೂ ನಡೆಯಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ರಾತ್ರಿ ಎದ್ದು ಓಡಾಡುವುದು ನಿಂತಿತು. ಹೊಲದ ಲಾವಣಿಯ ಹಳೆಯ ಲೆಕ್ಕವೊಂದನ್ನು ಎತ್ತಿ ಕಾಕಾನ ಜೊತೆ ಜಗಳ ತೆಗೆದಳು, ಲೆಕ್ಕ ಅವಳದ್ದೇ ಸರಿಯಿತ್ತು. ಕೆಲವು ಹೆಸರುಗಳು ಮಾತ್ರ ಮರಳಿ ಬರಲಿಲ್ಲ. ಕಾಲಿನ ಜುಮ್ಮು ಹೋಗಲಿಲ್ಲ. ಇನ್ನೂ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು ವೈದ್ಯೆ, ಬೈಯುವ ದನಿಯಲ್ಲಿ ಅಲ್ಲ.

ಮರೆವೆಲ್ಲ ಬಿ12 ಕೊರತೆಯಲ್ಲ. ಆಲ್ಜೈಮರ್ ಬಂದವರಿಗೆ ಯಾವ ಹಾಲೂ ಯಾವ ಸೂಜಿಯೂ ಬುದ್ಧಿಯನ್ನು ವಾಪಸು ತರುವುದಿಲ್ಲ. ಇದನ್ನು ಓದಿ ಯಾರೂ ಅಂಥ ಆಸೆ ಇಟ್ಟುಕೊಳ್ಳಬಾರದು. ಮಿದುಳಿಗೆ ಹಿತವೆಂದು ಚಿಕಾಗೋದ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ಸಂಗಡಿಗರು ರೂಪಿಸಿದ 'ಮೈಂಡ್' ಆಹಾರಕ್ರಮವನ್ನು 604 ಜನರ ಮೇಲೆ ಮೂರು ವರ್ಷ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ಹೋಲಿಕೆಗೆಂದು ಬೇರೆ ಆಹಾರ ಕೊಟ್ಟ ಗುಂಪಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮದೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಸುಮಾರು 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಕೆಲಸಕ್ಕೆ ಇಳಿದಿದ್ದಾರೆ. ಅಂಥ ಕೆಲಸ ನಿಧಾನ. ಅಷ್ಟರೊಳಗೆ ಬಾದಾಮಿ, ಅಕ್ರೋಟು, ಅರಿಶಿನದ ಬಗ್ಗೆ ವಾಟ್ಸಾಪಿನಲ್ಲಿ ಬರುವುದು ಬರುತ್ತಲೇ ಇರುತ್ತದೆ. ಅವೆಲ್ಲ ಮೆಚ್ನಿಕಾಫ್ ಅವರ ಮರಿಮಕ್ಕಳು. ಮುದುಕರಾಗದಿರಲು ಏನು ತಿನ್ನಬೇಕೆಂದು ಹೇಳುತ್ತವೆ.

ಗೋಲ್ಡ್‌ಬರ್ಗರ್ ಕೇಳಿದ್ದು ಬೇರೆ ಪ್ರಶ್ನೆ, ಇವರ ತಟ್ಟೆಗೆ ಇದು ಯಾಕೆ ಬಂದಿಲ್ಲ ಎಂದು. ಅದನ್ನು ನಮ್ಮ ಮನೆಗೆ ಹಚ್ಚಿ ನೋಡಿದಾಗ ನನಗೆ ಕಂಡದ್ದು ಬಡತನವಲ್ಲ. ಇನ್ನೊಂದು ಅರ್ಧ ಲೀಟರ್ ಹಾಲು ತರುವ ಶಕ್ತಿ ನಮಗಿತ್ತು. ಮುದುಕರಿಗೆ ಇಷ್ಟು ಸಾಕು ಎಂಬ ಎಣಿಕೆ ಇತ್ತು, ಆ ಎಣಿಕೆಯನ್ನು ಆಯಿಯೂ ಒಪ್ಪಿಕೊಂಡಿದ್ದಳು. ಒಂದೆಲಗವನ್ನೇ ನೋಡಿ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯವೇ ರಸಾಯನ, ಅಂದರೆ ಮುಪ್ಪನ್ನು ತಡೆಯುವ ವಿದ್ಯೆ. ಮಂಡೂಕಪರ್ಣಿಯ ರಸ ಬುದ್ಧಿಗೆ ಹಿತವೆಂದು ಅಲ್ಲಿದೆ. ಆ ಮಂಡೂಕಪರ್ಣಿಯೇ ನಮ್ಮ ಒಂದೆಲಗ. ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಕರಾವಳಿಯ ಗೆಳತಿಯ ಮನೆಯಲ್ಲಿ ಒಂದೆಲಗದ ತಂಬುಳಿ ಮಾಡುತ್ತಿದ್ದದ್ದು ಯಾರಿಗೆ? ಪರೀಕ್ಷೆ ಬರೆಯುವ ಮಕ್ಕಳಿಗೆ. ಅಜ್ಜಿಗೆ ಅಲ್ಲ. ಅದರಿಂದ ನೆನಪು ಹೆಚ್ಚುತ್ತದೋ ಇಲ್ಲವೋ, ಯಾರ ನೆನಪನ್ನು ಉಳಿಸಲು ಮನೆ ಕಷ್ಟಪಡುತ್ತದೆ ಎಂಬುದಂತೂ ಅದರಿಂದ ಗೊತ್ತಾಗುತ್ತದೆ.

ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ ಬನಾರಸ್ಸಿನ ಬೀದಿಗಳಲ್ಲಿ ಮುದುಕರ ಬುದ್ಧಿ ಕೆಡುವ ಬಗ್ಗೆ ಜನ ಏನು ಹೇಳುತ್ತಾರೆಂದು ಕೇಳುತ್ತ ತಿರುಗಿ, 1998ರಲ್ಲಿ ಒಂದು ಪುಸ್ತಕ ಬರೆದರು. ಉಳ್ಳವರ ಬಡಾವಣೆಗಳಲ್ಲಿ ಜನ ತಲೆ ಬಿಸಿಯಾಗುವ ಮಾತಾಡಿದರು, ಮಕ್ಕಳು ಸೇವೆ ಮಾಡದ್ದನ್ನು ದೂರಿದರು. ದಲಿತರ ಕೇರಿಯಲ್ಲಿ ಕೇಳಿಬಂದ ಮಾತು 'ಕಮ್‌ಜೋರಿ', ಅಂದರೆ ನಿತ್ರಾಣ. ಅವರು ಬುದ್ಧಿಯನ್ನು ದೇಹದಿಂದ ಬೇರೆ ಮಾಡಿರಲಿಲ್ಲ. ಅದನ್ನು ಓದಿದಾಗ ನನಗೆ ಆಯಿಯ ಮಾತು ನೆನಪಾಯಿತು. ಆ ದಿನಗಳಲ್ಲಿ ಅವಳು ತನ್ನ ಬಗ್ಗೆ ತಾನು ಅರಳುಮರಳು ಎಂದು ಒಮ್ಮೆಯೂ ಹೇಳಿರಲಿಲ್ಲ. "ಮೈಯಾಗ ಶಕ್ತಿ ಇಲ್ಲವ್ವಾ" ಅನ್ನುತ್ತಿದ್ದಳು. ಅವಳು ಹೇಳಿದ್ದೇ ಸರಿಯಾದ ರೋಗಲಕ್ಷಣ. ನಾವು ಅದನ್ನು ಮುದುಕಿಯ ಗೊಣಗಾಟ ಅಂದುಕೊಂಡೆವು.

ಹೋದ ಯುಗಾದಿಗೆ ಊರಿಗೆ ಹೋದಾಗ, ಏನು ಓದುತ್ತಿದ್ದೀ ಎಂದು ಆಯಿ ಕೇಳಿದಳು. ಗೋಲ್ಡ್‌ಬರ್ಗರ್ ಕಥೆಯನ್ನು ಆದಷ್ಟು ಸರಳವಾಗಿ ಹೇಳಿದೆ. ಹುಚ್ಚರ ಆಸ್ಪತ್ರೆಗೆ ಹೋಗಿ ಎಲ್ಲರ ತಾಟು ನೋಡಿದ ಡಾಕ್ಟರು ಅಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡಗಿ ಮಾಡಾಕಿನ್ನ ಕೇಳಿದ್ರ ಆಕಿನ ಹೇಳ್ತಿದ್ಲಲ್ಲ" ಎಂದಳು. ಆ ಆಸ್ಪತ್ರೆಗಳ ಅಡುಗೆಯವರ ಹೆಸರು ನಾನು ಓದಿದ ಯಾವ ವರದಿಯಲ್ಲೂ ಇಲ್ಲ. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಈಗ ಮನೆಗೆ ಒಂದು ಲೀಟರ್ ಹಾಲು ಬರುತ್ತದೆ. ಸಂಜೆ ಅವ್ವ ಆಯಿಗೆ ಒಂದು ಲೋಟ ಕೊಟ್ಟು ಎದುರಿಗೇ ಕೂಡುತ್ತಾಳೆ. ಅವ್ವ ಆ ಕಡೆ ತಿರುಗಿದಾಗ ಅರ್ಧ ಲೋಟ ಕಾಕಾನ ಮೊಮ್ಮಗನ ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ಅವ್ವ ಈಗ ಲೋಟ ದೊಡ್ಡದು ಮಾಡಿದ್ದಾಳೆ.